ಎಂಟು ಸಾವಿರ ಆರ್‌ಪಿಎಂ ಕೇಳುವವರಿಗೆ

"ಅಣ್ಣಾ, ಲಿಮಿಟರ್ ಎಂಟು ಸಾವಿರಕ್ಕೆ ಇಟ್ಬಿಡಿ." ಶಿವಮೊಗ್ಗದ ನಮ್ಮ ವರ್ಕ್‌ಶಾಪ್‌ಗೆ ಎಂಜಿನ್ ಮಾಡಿಸೋಕೆ ಬರುವ ಹುಡುಗರು ಮೊದಲು ಹೇಳೋದೇ ಇದು. ಎಂಜಿನ್ ನಿಮಿಷಕ್ಕೆ ಇಷ್ಟು ಸುತ್ತು (ಆರ್‌ಪಿಎಂ) ದಾಟದ ಹಾಗೆ ತಡೆಯೋದೇ ಲಿಮಿಟರ್. ಇಡೋಕೇನು, ಲ್ಯಾಪ್‌ಟಾಪ್ ಕನೆಕ್ಟ್ ಮಾಡಿದರೆ ಎರಡು ನಿಮಿಷದ ಕೆಲಸ. ಅಷ್ಟು ಸ್ಪೀಡನ್ನು ಒಳಗಿನ ರಾಡು (ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟ್‌ಗೆ ಸೇರಿಸುವ ತೋಳು), ಅದರ ಬೋಲ್ಟು, ವಾಲ್ವ್ ಸ್ಪ್ರಿಂಗು ತಡ್ಕೊಳ್ತವಾ ಅಂತ ಮಾತ್ರ ಯಾರೂ ಕೇಳಲ್ಲ.

ನಮ್ಮಲ್ಲಿಗೆ ಜಾಸ್ತಿ ಬರೋದು ಮಾರುತಿಯ ಹಳೆ ಎಸ್ಟೀಮ್, ಜಿಪ್ಸಿ ಕಿಂಗ್. ಚಿಕ್ಕಮಗಳೂರಿನ ತೋಟಗಳಲ್ಲಿ ರ‍್ಯಾಲಿ ನೋಡಿ ಬಂದ ಮೇಲೆ ಕೆಲವರಿಗೆ ಇದರ ಹುಚ್ಚು ಹಿಡಿಯುತ್ತೆ, ಅಡಿಕೆ ದುಡ್ಡು ಕೈಗೆ ಬಂದ ವರ್ಷ ಇನ್ನೂ ಜಾಸ್ತಿ. ಎರಡು ಗಾಡಿಯಲ್ಲೂ 1,298 ಸಿಸಿ ಎಂಜಿನ್, ಬೋರ್ (ಸಿಲಿಂಡರಿನ ಅಗಲ) 74 ಮಿಮೀ, ಸ್ಟ್ರೋಕ್ (ಪಿಸ್ಟನ್ ಒಂದು ಸಲಕ್ಕೆ ಓಡುವ ದೂರ) 75.5 ಮಿಮೀ. ನಾನು ಲೆಕ್ಕ ಶುರು ಮಾಡೋದು ಸ್ಟ್ರೋಕ್‌ನಿಂದ. ಒಂದು ಸುತ್ತಿಗೆ ಪಿಸ್ಟನ್ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಅಂದರೆ ಸ್ಟ್ರೋಕ್‌ನ ಎರಡರಷ್ಟು ದೂರ. ಅದನ್ನು ಮೀಟರಿಗೆ ತಂದು, ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿದರೆ ಪಿಸ್ಟನ್‌ನ ಸರಾಸರಿ ವೇಗ ಸಿಗುತ್ತೆ. 6,000ಕ್ಕೆ ಸೆಕೆಂಡಿಗೆ 15.1 ಮೀಟರ್, 7,000ಕ್ಕೆ 17.6, ಎಂಟಕ್ಕೆ 20 ದಾಟುತ್ತೆ.

ಇದೇ ಲೆಕ್ಕ ಯಮಹಾ ಆರ್‌ಎಕ್ಸ್ 100 ಬೈಕಿಗೆ ಹಾಕಿ ನೋಡಿ. ಸ್ಟ್ರೋಕ್ ಬರೀ 50 ಮಿಮೀ, ಹಾಗಾಗಿ 7,500ರಲ್ಲೂ 12.5 ಮೀಟರ್ ಅಷ್ಟೇ. "ನನ್ನ ಬೈಕೇ ಏಳೂವರೆ ಹೋಗುತ್ತೆ, ಕಾರ್ ಯಾಕೆ ಹೋಗಲ್ಲ" ಅನ್ನುವವರಿಗೆ ಇಷ್ಟು ಸಾಕು. ಹೋಂಡಾ ಎಸ್2000 ಕಾರಿನ ಎರಡು ಲೀಟರ್ ಎಂಜಿನ್ 84 ಮಿಮೀ ಸ್ಟ್ರೋಕ್ ಇಟ್ಟುಕೊಂಡು 9,000ಕ್ಕೆ, ಅಂದರೆ 25 ಮೀಟರ್ ಮೇಲಕ್ಕೆ ಹೋಗುತ್ತಿತ್ತು, ನಿಜ. ಆದರೆ ಅದನ್ನು ಮೊದಲಿನಿಂದಲೂ ಅದಕ್ಕೇ ಅಂತ ಕಟ್ಟಿದ್ದು, ನಮ್ಮ ಹಳೆ ಎಸ್ಟೀಮ್ ಎಂಜಿನ್ ಅಲ್ಲ.

ಸರಾಸರಿ ವೇಗ ಬರೀ ಅಂದಾಜು. ಮುರಿಯೋದು ಎಳೆತದಿಂದ. ಪಿಸ್ಟನ್, ಪಿನ್, ರಿಂಗ್ ಸೇರಿ 350 ಗ್ರಾಂ ಅಂತ ಇಟ್ಟುಕೊಳ್ಳಿ. 7,000 ಆರ್‌ಪಿಎಂನಲ್ಲಿ ಅದು ಮೇಲೆ ಹೋಗಿ ನಿಂತು ವಾಪಸ್ ತಿರುಗುವ ಹೊತ್ತಿಗೆ ರಾಡನ್ನು 900 ಕೆಜಿಗೂ ಜಾಸ್ತಿ ಎಳೆಯುತ್ತೆ. ಎಂಟಕ್ಕೆ ಹೋದರೆ 1,200 ದಾಟುತ್ತೆ, ಯಾಕಂದ್ರೆ ಎಳೆತ ಏರೋದು ವೇಗದ ವರ್ಗದ ಲೆಕ್ಕದಲ್ಲಿ. ಕಂಪ್ರೆಷನ್‌ನಲ್ಲಿ ಮೇಲಿನಿಂದ ಗ್ಯಾಸ್ ಒತ್ತಿ ಹಿಡಿಯುತ್ತೆ. ಎಕ್ಸಾಸ್ಟ್ ಸ್ಟ್ರೋಕ್ ಮುಗಿಯುವಾಗ ಒತ್ತೋಕೆ ಏನೂ ಇರಲ್ಲ, ಪೂರ್ತಿ ಭಾರ ಎರಡು ರಾಡ್ ಬೋಲ್ಟ್ ಮೇಲೆ. ಹಳೆ ಬೋಲ್ಟನ್ನೇ ತಿರುಗಿ ಹಾಕಿ ಟಾರ್ಕ್ ರೆಂಚ್ "ಟಕ್" ಅಂದ ಕೂಡಲೇ ಖುಷಿಪಡೋರನ್ನ ಕಂಡರೆ ನನಗೆ ಮೈ ಉರಿಯುತ್ತೆ. ಬೋಲ್ಟ್ ಬಿಚ್ಚಿದಾಗ ಮೈಕ್ರೋಮೀಟರ್‌ನಲ್ಲಿ ಉದ್ದ ಅಳೆಯಿರಿ, ಹೊಸದಕ್ಕಿಂತ ಉದ್ದ ಇದ್ದರೆ ಗುಜರಿಗೆ ಹಾಕಿ.

ತೀರ್ಥಹಳ್ಳಿ ಕಡೆಯ ಒಬ್ಬರ ಎಸ್ಟೀಮ್ ಎಂಜಿನ್ ಬಿಚ್ಚಿದಾಗ ಇದೆಲ್ಲ ಕಣ್ಣಿಗೇ ಕಂಡಿತು. ಬೇರೆ ಊರಲ್ಲಿ ಯಾರೋ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಬದಲಾಯಿಸಿ, ಲಿಮಿಟರ್ ಏರಿಸಿ ಕೊಟ್ಟಿದ್ದರು, ರಾಡು ಬೋಲ್ಟು ಮುಟ್ಟಿರಲಿಲ್ಲ. ರಾಡಿಗೂ ಕ್ರ್ಯಾಂಕಿಗೂ ಮಧ್ಯೆ ಕೂರುವ ಬೇರಿಂಗ್ ಶೆಲ್‌ನ ನಡುಭಾಗ ಚೆನ್ನಾಗೇ ಇತ್ತು. ಸವೆದಿದ್ದು ಎರಡು ಅರ್ಧ ಸೇರುವ ಅಂಚಿನ ಹತ್ತಿರ, ಅಲ್ಲಿ ತಾಮ್ರದ ಬಣ್ಣ ಇಣುಕುತ್ತಿತ್ತು. ಎಳೆತಕ್ಕೆ ರಾಡಿನ ದೊಡ್ಡ ಕಣ್ಣು ಮೇಲೆ ಕೆಳಗೆ ಹಿಗ್ಗಿ, ಪಕ್ಕದಲ್ಲಿ ಕುಗ್ಗಿ ಕ್ರ್ಯಾಂಕನ್ನು ಹಿಸುಕಿದರೆ ಹೀಗೇ ಆಗೋದು. ಎರಡು ಪಿಸ್ಟನ್ ತಲೆ ಮೇಲೆ ಉಗುರು ಒತ್ತಿದಂಥ ಸಣ್ಣ ಗುರುತು ಬೇರೆ. ಅದು ವಾಲ್ವ್ ತಾಗಿದ್ದು. ಕ್ಯಾಮ್ ಚುರುಕಾಗಿದೆ, ಸ್ಪ್ರಿಂಗ್ ಹಳೇದು, ಮೇಲಿನ ಆರ್‌ಪಿಎಂನಲ್ಲಿ ವಾಲ್ವ್ ಸಮಯಕ್ಕೆ ಮುಚ್ಚೋದೇ ಇಲ್ಲ.

ಮಾಲೀಕರ ವಾದ, "ಲಿಮಿಟರ್ ಇತ್ತಲ್ಲ ಸರ್?" ಇತ್ತು. ಆದರೆ ಲಿಮಿಟರ್ ಪೆಟ್ರೋಲನ್ನೋ ಸ್ಪಾರ್ಕನ್ನೋ ನಿಲ್ಲಿಸುತ್ತೆ ಅಷ್ಟೇ, ಚಕ್ರವನ್ನಲ್ಲ. ಆಗುಂಬೆ ಘಾಟಿ ಇಳಿಯುವಾಗ ಮೂರನೇ ಗೇರಲ್ಲಿ 5,500 ಇದ್ದಾಗ ತಿರುವಿಗೆ ಅಂತ ಎರಡಕ್ಕೆ ಎಳೆದರೆ, ಎರಡು ಗೇರಿನ ನಡುವೆ ಒಂದೂವರೆ ಪಟ್ಟು ಅಂತರ ಇದ್ದರೆ, ಚಕ್ರವೇ ಎಂಜಿನ್‌ನ ಕತ್ತು ಹಿಡಿದು 8,250ಕ್ಕೆ ತಿರುಗಿಸುತ್ತೆ. ಹಾಗಾಗಿ ನಾನು ಮಿತಿ ಹಾಕುವಾಗ ಓಡಿಸುವವರ ಕೈಯನ್ನೂ ಲೆಕ್ಕಕ್ಕೆ ತಗೊಳ್ತೀನಿ. ಬೋಲ್ಟ್ 7,500 ತಾಳುತ್ತೆ ಅಂತ ಅನ್ನಿಸಿದರೂ ಅಲ್ಲಿಗೇ ತಂದು ಇಡಲ್ಲ.

ಪವರ್ ಎಲ್ಲಿ ಬೀಳುತ್ತೆ ಅನ್ನೋದನ್ನೂ ನೋಡಿ. ಹೆಡ್ (ವಾಲ್ವ್ ಇರುವ ಎಂಜಿನ್‌ನ ಮೇಲ್ಭಾಗ) ಸಾಕಷ್ಟು ಗಾಳಿ ಕೊಡೋದು ನಿಲ್ಲಿಸಿದ ಮೇಲೆ ಬರೋದು ಸದ್ದು ಮಾತ್ರ. ಪವರ್ ತುದಿ ಮುಟ್ಟುವ ಜಾಗ ದಾಟಿ ಮುನ್ನೂರು ನಾನೂರು ಆರ್‌ಪಿಎಂ ಇದ್ದರೆ ಸಾಮಾನ್ಯವಾಗಿ ಸಾಕು, ಮುಂದಿನ ಗೇರ್ ಹಾಕಿದಾಗ ಎಂಜಿನ್ ತೀರಾ ಕೆಳಗೆ ಬೀಳದಿದ್ದರೆ ಆಯ್ತು.

ಆ ಎಸ್ಟೀಮ್‌ಗೆ ಹೊಸ ಬೋಲ್ಟ್, ಕ್ಯಾಮ್‌ಗೆ ಹೊಂದುವ ಸ್ಪ್ರಿಂಗ್ ಹಾಕಿ, ಹಳೆ ರಾಡ್‌ನಲ್ಲೇ 6,800ಕ್ಕೆ ನಿಲ್ಲಿಸಿದೆ. ಅವರಿಗೆ ಈಗಲೂ ಸಮಾಧಾನ ಇಲ್ಲ. ಮುಂದಿನ ಅಡಿಕೆ ಕೊಯ್ಲು ಆಗಲಿ, ಫೋರ್ಜ್ಡ್ ರಾಡು, ಹಗುರ ಪಿಸ್ಟನ್ ತರಿಸ್ತೀನಿ ಅಂದಿದ್ದಾರೆ. ತರಿಸಲಿ, ಏಳೂವರೆ ನೋಡೋಣ. ಅದರ ಜೊತೆಗೆ ಆಯಿಲ್ ಪಂಪು, ಫ್ಲೈವೀಲು, ಕ್ರ್ಯಾಂಕ್ ಬ್ಯಾಲೆನ್ಸಿಂಗು ಅಂತ ಇನ್ನೊಂದು ಚೀಟಿ ಬರೆದು ಕೊಟ್ಟಿದ್ದೀನಿ.