ಕನ್ವರ್ಟಿಬಲ್‌ನ ಸೀಟಿನ ಹಿಂದೆ ನಿಂತ ನೀರು

ಬೆಂಗಳೂರಿನಲ್ಲಿ ಏಪ್ರಿಲ್ ಮಳೆ ಶುರುವಾದರೆ ನಮ್ಮ ವರ್ಕ್‌ಶಾಪ್‌ಗೆ ಒಳಗೆಲ್ಲ ಒದ್ದೆಯಾದ ಕನ್ವರ್ಟಿಬಲ್‌ಗಳು, ಅಂದರೆ ಛಾವಣಿ ಮಡಚಬಹುದಾದ ಕಾರುಗಳು, ಬರತೊಡಗುತ್ತವೆ. ಅಡ್ವೈಸರ್ ಜಾಬ್ ಕಾರ್ಡ್‌ನಲ್ಲಿ ‘ಟಾಪ್ ಲೀಕ್’, ಅಂದರೆ ಛಾವಣಿ ಸೋರುತ್ತಿದೆ ಅಂತ ಬರೆದುಬಿಡುತ್ತಾರೆ. ಆಮೇಲೆ ಎಲ್ಲರ ಕಣ್ಣೂ ಟಾಪ್ ಮೇಲೆಯೇ. ಹೋದ ವರ್ಷ ಹೀಗೇ ಒಬ್ಬ ಗ್ರಾಹಕರಿಗೆ ನಮ್ಮಿಂದ ಆದ ತೊಂದರೆ ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಎರಡು ಸೀಟಿನ ಗಾಡಿ, ಬಟ್ಟೆ ಟಾಪ್. ಜಯನಗರದಲ್ಲಿ ಹೊಂಗೆ ಮರದ ಕೆಳಗೆ ನಿಲ್ಲುತ್ತಿತ್ತು. ಸೀಟಿನ ಹಿಂದೆ ನೀರು ನಿಂತಿದೆ ಅಂತ ತಂದಿದ್ದರು. ಹೊಸ ಟಾಪ್ ಅಂದರೆ ಲಕ್ಷಗಳ ಮಾತು, ಅದೇ ಅವರ ಚಿಂತೆ. ಮ್ಯಾನೇಜರ್‌ಗೆ ಅವತ್ತೇ ಡೆಲಿವರಿ ಆಗಬೇಕಿತ್ತು. ಸೀಲ್‌ಗೆ ಗ್ರೀಸ್ ಹಚ್ಚಿದರು, ನೀರು ಹೊರಹೋಗುವ ಡ್ರೇನ್‌ಗೆ ಏರ್ ಗನ್ ಹಿಡಿದರು, ಕಾರ್ಪೆಟ್ ಮೇಲೆ ವ್ಯಾಕ್ಯೂಮ್ ಆಡಿಸಿದರು. ಮುಟ್ಟಿ ನೋಡಿದರೆ ಕಾರ್ಪೆಟ್ ಒಣಗಿತ್ತು. ಸರಿಹೋಯಿತು ಅಂತಲೇ ನನಗೂ ಅನ್ನಿಸಿತು.

ಮುಂದಿನ ಮಳೆಗೇ ರಿಪೀಟ್ ಜಾಬ್. ಗಾಜಿನ ಒಳಗೆಲ್ಲ ಆವಿ, ಬಾಗಿಲು ತೆಗೆದರೆ ಮುಗ್ಗಲು ವಾಸನೆ.

“ಏನ್ರೀ, ಎಲ್ಲಾ ಸರಿ ಮಾಡಿದ್ದೀವಿ ಅಂದ್ರಲ್ವಾ? ಈ ಸಲ ನನ್ನ ಕಣ್ಣ ಮುಂದೆ ನೀರು ಬಿಟ್ಟು ತೋರಿಸಿ,” ಅಂದರು. ನ್ಯಾಯವಾದ ಮಾತು.

ನಾನು ಟಾರ್ಚ್ ಹಿಡಿದು ಒಳಗೆ ಕೂತೆ. ಹುಡುಗ ಹೊರಗೆ ಪೈಪ್ ಹಿಡಿದ. ಜೆಟ್ ಬೇಡ, ಸಣ್ಣಗೆ ಬಿಡು, ಕೆಳಗಿನಿಂದ ಮೇಲಕ್ಕೆ ಬಾ ಅಂದೆ. ಮೊದಲೇ ನೆತ್ತಿಗೆ ಸುರಿದರೆ ನೀರು ಎಲ್ಲ ಕಡೆ ಇಳಿಯುತ್ತದೆ, ಎಲ್ಲಿಂದ ಒಳಗೆ ಬಂತು ಅಂತ ಗೊತ್ತಾಗುವುದಿಲ್ಲ. ಬಾಗಿಲ ಬುಡ, ಕನ್ನಡಿಯ ಮೂಲೆ, ಮುಂದಿನ ಗಾಜಿನ ಅಂಚು. ಒಂದೊಂದು ಕಡೆಯೂ ಕೆಲವು ನಿಮಿಷ. ಎಲ್ಲೂ ಹನಿ ಇಲ್ಲ. ಟಾಪ್‌ನ ನಡುವೆ ಬಿಟ್ಟ, ಅಲ್ಲೂ ಇಲ್ಲ. ಮಾಲೀಕರು ಗಾಜಿಗೆ ಮುಖ ಒತ್ತಿ ನನ್ನನ್ನೇ ನೋಡುತ್ತಿದ್ದರು. ಮ್ಯಾನೇಜರ್ ಆಗಲೇ ಮೂರನೇ ಸಲ ವಾಚ್ ನೋಡಿದ್ದರು. ಏನೂ ಸಿಗದೆ ಹೋದರೆ ಇವರಿಗೆ ಏನಂತ ಹೇಳಲಿ ಅಂತ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಪೈಪ್ ಹಿಂದಕ್ಕೆ ಹೋಯಿತು. ಬಟ್ಟೆ ಬಾಡಿಗೆ ಸೇರುವ ಜಾಗ. ಸ್ವಲ್ಪ ಹೊತ್ತಿಗೆ ಸೀಟಿನ ಹಿಂದಿನ ಟ್ರಿಮ್ (ಒಳಹೊದಿಕೆ) ಒಳಗಿಂದ ತೊಟ್ಟಿಕ್ಕುವ ಸದ್ದು ಕೇಳಿಸಿತು.

ಟ್ರಿಮ್ ಬಿಚ್ಚಿದರೆ ಡ್ರೇನ್ ಟ್ಯೂಬ್ ಜಾಯಿಂಟ್‌ನಿಂದ ಕಳಚಿ ನೇತಾಡುತ್ತಿತ್ತು. ಅದರ ಕೆಳಗಿನ ರಬ್ಬರ್ ಬಾಯಿಯಲ್ಲಿ ಹೊಂಗೆ ಹೂವು, ಮಣ್ಣು ಸೇರಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಮೇಲಿನಿಂದ ಹೊಡೆದ ಗಾಳಿಗೆ ಹೋಗಲು ದಾರಿಯಿಲ್ಲದೆ ಟ್ಯೂಬನ್ನೇ ಕಿತ್ತುಹಾಕಿತ್ತು. ಮೊದಲು ಕಟ್ಟಿಕೊಂಡು ಉಕ್ಕುತ್ತಿದ್ದ ನೀರು, ನಮ್ಮ ರಿಪೇರಿಯ ನಂತರ ನೇರ ಗಾಡಿಯೊಳಗೆ ಬೀಳುತ್ತಿತ್ತು.

ಒಳ್ಳೆಯ ಬಟ್ಟೆ ಟಾಪ್‌ಗೆ ಸಾಮಾನ್ಯವಾಗಿ ಮೂರು ಪದರ, ನಡುವಿನದು ರಬ್ಬರ್. ಹರಿಯದಿದ್ದರೆ, ಹೊಲಿಗೆ ಬಿಡದಿದ್ದರೆ ಅದು ಸುಲಭಕ್ಕೆ ಸೋರುವುದಿಲ್ಲ. ಅಂಚಿನಲ್ಲಿ ಇಳಿದ ನೀರನ್ನು ಟಾಪ್‌ನ ಬುಡದ ಹಳ್ಳಕ್ಕೆ ತಂದು, ಟ್ಯೂಬ್ ಮೂಲಕ ಗಾಡಿಯ ಅಡಿಗೆ ಬಿಡುವುದು ಇದರ ಏರ್ಪಾಡು. ಆ ದಾರಿ ಕಟ್ಟಿದರೆ ಹೊಸ ಟಾಪ್ ಹಾಕಿದರೂ ಕಾರ್ಪೆಟ್ ನೆನೆಯುತ್ತದೆ. 2002ರಿಂದ 2008ರವರೆಗೆ ಬಂದ ಮೊದಲ ತಲೆಮಾರಿನ ಬಿಎಂಡಬ್ಲ್ಯು ಝಡ್4ನಲ್ಲಿ ಟಾಪ್ ಎತ್ತುವ ಪಂಪ್‌ನ ಮೋಟಾರ್ ಹೀಗೆ ನೀರು ಸೇರುವ ತಗ್ಗಿನಲ್ಲೇ ಕೂತಿದೆ. ಡ್ರೇನ್ ಕಟ್ಟಿದರೆ ಮೋಟಾರೇ ಮುಳುಗುತ್ತದೆ, ಟಾಪ್ ಏಳುವುದಿಲ್ಲ.

ಈಗ ನಾನು ಡ್ರೇನ್ ಹತ್ತಿರ ಏರ್ ಗನ್ ತರಲು ಬಿಡುವುದಿಲ್ಲ. ಹುಲ್ಲು ಕತ್ತರಿಸುವ ಮೆಷಿನ್‌ನ ನೈಲಾನ್ ದಾರ ಸಾಕು. ತುದಿ ನುಣುಪು ಮಾಡಿ ನಿಧಾನವಾಗಿ ಇಳಿಸಬೇಕು. ಆಮೇಲೆ ಒಂದು ಮಗ್ ನೀರು ಹಾಕಿ, ಗಾಡಿಯ ಅಡಿ ಬಗ್ಗಿ ನೋಡಬೇಕು. ಎರಡೂ ಕಡೆ ನೀರು ಸಲೀಸಾಗಿ ಬೀಳಬೇಕು.

ಒಣಗಿಸುವುದಕ್ಕೆ ಇದಕ್ಕಿಂತ ಜಾಸ್ತಿ ತಾಳ್ಮೆ ಬೇಕು. 2020ರ ಮಹೀಂದ್ರ ಥಾರ್‌ಗೆ ನೆಲದಲ್ಲೇ ಡ್ರೇನ್ ಪ್ಲಗ್ ಇದೆ, ನೀರು ಹಾಕಿ ತೊಳೆಯಬಹುದು. ಈ ಗಾಡಿಯಲ್ಲಿ ಕಾರ್ಪೆಟ್ ಕೆಳಗೆ ದಪ್ಪ ಫೋಮ್, ಅದರಡಿ ವೈರಿಂಗ್. ಬ್ಯಾಟರಿ ಟರ್ಮಿನಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್ ಬಿಚ್ಚಿ ಸೀಟ್ ಇಳಿಸಿದೆವು. ಕಾರ್ಪೆಟ್ ಎತ್ತಿ ಫೋಮ್ ಹಿಂಡಿದರೆ ನೀರು ಧಾರೆಯಾಗಿ ಬಂತು. “ಸಂಜೆ ಕೊಟ್ಟುಬಿಡೋಣ” ಅಂದರು ಮ್ಯಾನೇಜರ್. ಫೋಮ್ ಒಣಗುವವರೆಗೆ ಸೀಟ್ ಕೂರಿಸುವುದಿಲ್ಲ ಅಂತ ನಾನು ಹಟ ಹಿಡಿದೆ. ಒದ್ದೆ ಫೋಮ್ ಮುಚ್ಚಿದರೆ ಬೂಷ್ಟು ಬರುತ್ತದೆ, ಕನೆಕ್ಟರ್‌ಗಳು ಹಸಿರುಗಟ್ಟುತ್ತವೆ. ಫ್ಯಾನ್ ಹಾಕಿ ಬಿಟ್ಟೆವು.

ಹೊಂಗೆ ಹೂ ಉದುರುವ ಕಾಲದಲ್ಲಿ ಗಾಡಿ ಬೇರೆ ಕಡೆ ನಿಲ್ಲಿಸಿ, ಹಳ್ಳದ ಕಸ ಕೈಯಲ್ಲೇ ತೆಗೆಯಿರಿ, ಒದ್ದೆ ಟಾಪ್ ಮಡಚಿ ಇಡಬೇಡಿ ಅಂತ ಮಾಲೀಕರಿಗೆ ಹೇಳಿದೆ. ಬ್ಯಾಟರಿಯನ್ನೂ ನೋಡಿಕೊಳ್ಳಿ ಅಂದೆ. ಬಾಗಿಲು ತೆಗೆಯುವಾಗ ಗಾಜು ಒಂಚೂರು ಕೆಳಗಿಳಿಯಬೇಕು. ಬ್ಯಾಟರಿ ಸತ್ತಾಗ ಅದು ಇಳಿಯುವುದಿಲ್ಲ, ಹಾಗೇ ಬಾಗಿಲು ಎಳೆದರೆ ಸೀಲ್ ಹರಿಯುತ್ತದೆ.

ನಮ್ಮ ಸಿಸ್ಟಮ್‌ನಲ್ಲಿ ಟಾಪ್ ಬದಲಿಸಲು ಲೇಬರ್ ಕೋಡ್ (ಕೆಲಸದ ಕೂಲಿ ಲೆಕ್ಕಕ್ಕೆ ಹಿಡಿಯುವ ಗುರುತು) ಇದೆ, ಡ್ರೇನ್ ಕ್ಲೀನಿಂಗ್‌ಗೆ ಇಲ್ಲ. ಹುಡುಗರು ಅದಕ್ಕೆ ಕೊಟ್ಟ ಹೊತ್ತು ಇನ್ಸೆಂಟಿವ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಿದ್ದಾಗ ಅವರು ಏರ್ ಗನ್ ಹಿಡಿಯದೆ ಇನ್ನೇನು ಮಾಡುತ್ತಾರೆ? ಕೋಡ್ ಕೊಡಿ ಅಂತ ಪ್ರತಿ ಮೀಟಿಂಗ್‌ನಲ್ಲೂ ಕೇಳುತ್ತಿದ್ದೇನೆ. ಮುಂದಿನ ಹೊಂಗೆ ಹೂವಿನ ಹೊತ್ತಿಗಾದರೂ ಕೊಡಬೇಕು.