ಯಾವ ನೃತ್ಯ ಮೊದಲು ಅಂತ ನೆಲವನ್ನು ಕೇಳಿ

ನಾನು ತುಮಕೂರಿನವನು. ನಾಟಕಗಳಿಗೆ ಸೀನರಿ, ಲೈಟು ಬಾಡಿಗೆಗೆ ಕೊಡುವುದು ನಮ್ಮ ಮನೆಯ ಕಸುಬು. ಗುಬ್ಬಿ, ತುರುವೇಕೆರೆ, ಕುಣಿಗಲ್, ಶಿರಾ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡುತ್ತಾರಲ್ಲ, ಆ ಸ್ಟೇಜುಗಳ ಹಿಂದೆಯೇ ಬೆಳೆದೆ. ಈಚೆಗೆ ಬೆಂಗಳೂರಿಗೆ ಹೋಗಿ ಸಮಕಾಲೀನ ನೃತ್ಯಕ್ಕೂ ಲೈಟ್ ಮಾಡುತ್ತೇನೆ. ಹೋದ ವರ್ಷ ನಮ್ಮೂರಿನಲ್ಲೇ ಅಂಥದ್ದೊಂದು ಉತ್ಸವ ಆಯಿತು. ಒಂದೇ ಸಂಜೆ ಐದು ಜನ ನೃತ್ಯ ಸಂಯೋಜಕರ ಐದು ಕೃತಿಗಳು. ನೆಲ, ಲೈಟು, ರಂಗದ ಹಿಂದಿನ ಓಡಾಟ ಮೂರೂ ನನ್ನ ಪಾಲಿಗೆ ಬಂದವು. ಸಣ್ಣ ಊರುಗಳಲ್ಲಿ ಇಂಥ ಕೆಲಸಕ್ಕೆ ಇಳಿಯುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಸಂಘಟಕರು ಮೊದಲು ಕಳಿಸಿದ ಪಟ್ಟಿ ಹಿರಿತನದ ಮೇಲೆ ಇತ್ತು. ಸಂಗೀತ ಸಭೆಗಳಲ್ಲಿ ಇರುತ್ತಲ್ಲ, ಹಾಗೆ. ಹೊಸಬರು ಮೊದಲು, ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ. ದೊಡ್ಡ ಹೆಸರಿನವರು ಕೊನೆಗೆ. ಆ ಪಟ್ಟಿಯಲ್ಲಿ ಎರಡನೆಯದು ಕೋಲಾರದ ಕಡೆಯ ಒಬ್ಬ ಹುಡುಗಿಯದು. ಕಣದ ಕೆಲಸದಲ್ಲಿ ಮೈ ಹೇಗೆ ಬಾಗುತ್ತೆ, ಮೊರ ಹಿಡಿದ ಕೈ ಹೇಗೆ ತಿರುಗುತ್ತೆ ಅನ್ನುವುದರಿಂದಲೇ ಇಡೀ ನೃತ್ಯ ಕಟ್ಟಿದ್ದಳು. ನಡುವೆ ಒಂದು ಕಡೆ ಮೊರದಿಂದ ರಾಗಿ ತೂರುತ್ತಾಳೆ. ನಿಜವಾದ ರಾಗಿ.

ರಾಗಿ ಎಷ್ಟು ಸಣ್ಣದು, ಎಷ್ಟು ಗುಂಡಗೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನೃತ್ಯಕ್ಕೆ ಹಾಸುವ ಕಪ್ಪು ವಿನೈಲ್ ಮ್ಯಾಟಿನ ಮೇಲೆ, ಬರಿಗಾಲಿನ ಅಡಿಯಲ್ಲಿ, ಅದು ಉರುಳುತ್ತದೆ. ಗುಡಿಸಿದರೂ ಪೂರ್ತಿ ಹೋಗುವುದಿಲ್ಲ, ಎರಡು ಮ್ಯಾಟ್ ಸೇರುವ ಕಡೆ ಟೇಪಿನ ಅಂಚಿಗೆ ಹೋಗಿ ಕೂರುತ್ತದೆ. ಪಟ್ಟಿಯಲ್ಲಿ ಅದರ ಹಿಂದೆಯೇ ಇದ್ದದ್ದು ಇಬ್ಬರು ಹುಡುಗರ ನೃತ್ಯ. ಓಡಿ ಬಂದು ಒಬ್ಬ ಇನ್ನೊಬ್ಬನ ಹೆಗಲ ಮೇಲೆ ಹಾರುವುದು, ಅಲ್ಲಿಂದ ಜಾರಿ ನೆಲಕ್ಕೆ ಬರುವುದು, ಪೂರ್ತಿ ಇಂಥದ್ದೇ.

ನಾನು ಹೇಳಿದೆ, ರಾಗಿ ಮಧ್ಯಂತರಕ್ಕೆ ಮೊದಲು ಬರಬೇಕು, ಇಲ್ಲ ಕೊನೆಗೆ ಬರಬೇಕು, ಬೇರೆ ದಾರಿ ಇಲ್ಲ. ದೊಡ್ಡ ತಂಡಗಳೂ ಹೀಗೇ ಮಾಡುತ್ತವೆ. ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬಾಷ್ 1975ರಲ್ಲಿ ಸ್ಟ್ರಾವಿನ್ಸ್ಕಿ ಅನ್ನುವವರ ಸಂಗೀತಕ್ಕೆ ಮಾಡಿದ ನೃತ್ಯ ಇಡೀ ರಂಗಕ್ಕೆ ಹರಡಿದ ಮಣ್ಣಿನ ಮೇಲೆ ನಡೆಯುತ್ತದೆ. ಅದನ್ನು ಇನ್ನೊಂದು ಕೃತಿಯ ಜೊತೆ ಆಡುವಾಗ ಮಣ್ಣು ಹರಡುವ ಕೆಲಸ ಮಧ್ಯಂತರದಲ್ಲಿ ಆಗುತ್ತದೆ. ನಮ್ಮ ಮಧ್ಯಂತರ ಒಂದು ಕಾಫಿ ಕುಡಿಯುವಷ್ಟು ಮಾತ್ರ. ಅಷ್ಟರಲ್ಲಿ ರಾಗಿ ತೆಗೆಯಲು ಆಗುವುದಿಲ್ಲ. ಹಾಗಾಗಿ ಅದು ಕೊನೆಗೇ ಬರಬೇಕಿತ್ತು. ಅಂದರೆ ಹೊಸಬಳೊಬ್ಬಳ ಕೃತಿ ಎಲ್ಲರಿಗಿಂತ ಹಿರಿಯರ ಕೃತಿಯ ನಂತರ.

ಸಂಘಟಕರಿಗೆ ಹಿರಿಯರ ಹತ್ತಿರ ಇದನ್ನು ಹೇಳಲು ಸಂಕೋಚ. ನಾನೇ ಫೋನ್ ಮಾಡಿದೆ. "ಸರ್, ರಾಗಿ ಬಿದ್ದ ನೆಲದ ಮೇಲೆ ನಿಮ್ಮ ಹುಡುಗರು ಓಡಬೇಕಾಗುತ್ತೆ" ಅಂದೆ. "ಅಯ್ಯೋ, ಹಾಗಿದ್ರೆ ಅವಳದೇ ಕೊನೆಗೆ ಇರಲಿ ಬಿಡಿ, ಅದಕ್ಕೇನಂತೆ" ಅಂದರು. ಅಷ್ಟೇ ಮಾತು. ಗೌರವದ ವಿಷಯ ಅಂತ ನಾವು ಹೊರಗಿನವರು ಅಂದುಕೊಳ್ಳುವುದು ಎಷ್ಟೋ ಸಲ ಕಲಾವಿದರಿಗೆ ವಿಷಯವೇ ಅಲ್ಲ. ಅವರಿಗೆ ಮುಖ್ಯ ಆಗಿದ್ದು ತಮ್ಮ ಹುಡುಗರ ಮೊಣಕಾಲು, ಹಿಮ್ಮಡಿ. ಕಾರಣ ನೇರವಾಗಿ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನೆಲದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕಂದರೆ ನಮ್ಮ ಕಡೆ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಊರುಗಳ ರಂಗಮಂದಿರಗಳು ಭಾಷಣಕ್ಕೆ, ಸನ್ಮಾನಕ್ಕೆ, ನಾಟಕಕ್ಕೆ ಅಂತ ಕಟ್ಟಿದವು. ಎಷ್ಟೋ ಕಡೆ ಸಿಮೆಂಟ್ ನೆಲ, ಇಲ್ಲ ಸಿಮೆಂಟಿನ ಮೇಲೆ ನೇರವಾಗಿ ಹೊಡೆದ ಹಲಗೆ. ಅದರ ಮೇಲೆ ಹಾರಿದರೆ ಪೆಟ್ಟೆಲ್ಲ ಮೂಳೆಗೆ. ಕೆಳಗೆ ಮರದ ಪಟ್ಟಿ ಕೊಟ್ಟು ಸ್ವಲ್ಪ ಬಾಗುವ ಹಾಗೆ ಪ್ಲೈವುಡ್ ಹಾಸಿ, ಅದರ ಮೇಲೆ ಮ್ಯಾಟ್ ಹಾಕಬೇಕು. ನಾವು ಹಾಗೇ ಮಾಡಿದೆವು. ಮ್ಯಾಟನ್ನು ಹಿಂದಿನ ರಾತ್ರಿಯೇ ಬಿಚ್ಚಿ ಹಾಸಿದೆವು. ಸುರುಳಿಯಲ್ಲಿದ್ದ ಮ್ಯಾಟ್ ತಕ್ಷಣ ಮಲಗುವುದಿಲ್ಲ, ಅಂಚು ಎದ್ದು ನಿಂತರೆ ಕಾಲು ಸಿಕ್ಕಿಕೊಳ್ಳುತ್ತದೆ. ಅದಕ್ಕೂ ಮೊದಲು ನಮ್ಮ ಹುಡುಗರು ಹಗ್ಗಕ್ಕೆ ದೊಡ್ಡ ಅಯಸ್ಕಾಂತ ಕಟ್ಟಿ ಇಡೀ ರಂಗದ ಮೇಲೆ ಎಳೆದರು. ಎಷ್ಟೋ ವರ್ಷ ಸೀನರಿ ನಿಲ್ಲಿಸಲು ಮೊಳೆ ಹೊಡೆದ ನೆಲ ಅದು. ಬಂದ ಮೊಳೆ, ಪಿನ್ನು ಒಂದು ಡಬ್ಬ ತುಂಬಿತು.

ಈಗ ಲೈಟು. ಪೌರಾಣಿಕ ನಾಟಕಕ್ಕೆ ಬೆಳಕು ಮುಂದಿನಿಂದ ಬೇಕು. ದುರ್ಯೋಧನನ ಮುಖ ಕಾಣಬೇಕು, ಕಿರೀಟ ಹೊಳೆಯಬೇಕು, ಹಾಡುವಾಗ ಬಾಯಿ ಕಾಣಬೇಕು. ನೃತ್ಯಕ್ಕೆ ಮುಂದಿನ ಬೆಳಕು ಜಾಸ್ತಿ ಆದರೆ ಮೈ ಚಪ್ಪಟೆ ಆಗುತ್ತದೆ. ಅದಕ್ಕೇ ಪಕ್ಕದಿಂದ ಕೊಡುವುದು. ಪ್ರತಿ ವಿಂಗಿನಲ್ಲೂ, ಅಂದರೆ ರಂಗದ ಪಕ್ಕದ ಮರೆಯಲ್ಲೂ, ಒಂದೊಂದು ಸ್ಟ್ಯಾಂಡ್, ಅದಕ್ಕೆ ಮೂರು ಎತ್ತರದಲ್ಲಿ ಲೈಟು: ಮೊಣಕಾಲಿನ ಕೆಳಗೆ, ಸೊಂಟದ ಮಟ್ಟಕ್ಕೆ, ತಲೆಗಿಂತ ಮೇಲೆ. ಕೆಳಗಿನ ಲೈಟಿನ ಬೆಳಕು ನೆಲಕ್ಕೆ ತಾಗದ ಹಾಗೆ ಮರೆ ಮಾಡಿದರೆ ಅದು ಮೈಯನ್ನು ಮಾತ್ರ ಹಿಡಿದು ಎದುರಿನ ವಿಂಗಿಗೆ ಹೋಗುತ್ತದೆ. ನೆಲ ಕಪ್ಪಗೇ ಉಳಿಯುತ್ತದೆ, ಮನುಷ್ಯ ಗಾಳಿಯಲ್ಲಿ ಇರುವ ಹಾಗೆ ಕಾಣುತ್ತಾನೆ. ಅಮೆರಿಕದಲ್ಲಿ ಮಾರ್ಥಾ ಗ್ರಹಾಂ ತಂಡಕ್ಕೆ ಲೈಟ್ ಮಾಡುತ್ತಿದ್ದ ಜೀನ್ ರೋಸೆಂತಾಲ್ ಅನ್ನುವ ಹೆಣ್ಣುಮಗಳು ಈ ಪದ್ಧತಿಯನ್ನು ಗಟ್ಟಿ ಮಾಡಿದವರಲ್ಲಿ ಮುಖ್ಯರು. ಇವತ್ತಿಗೂ ಎಲ್ಲರೂ ನಡೆಯುವುದು ಆಕೆಯ ದಾರಿಯಲ್ಲೇ.

ರಿಹರ್ಸಲ್ ನೋಡಲು ಬಂದಿದ್ದ ನಮ್ಮ ಹಾರ್ಮೋನಿಯಂ ಮೇಷ್ಟ್ರು "ಮುಖಾನೇ ಕಾಣಲ್ವಲ್ಲಪ್ಪಾ" ಅಂದರು. ಅವರ ಮಾತನ್ನು ತಳ್ಳಿಹಾಕಲಿಲ್ಲ. ಐದರಲ್ಲಿ ಒಂದು ಕೃತಿ ಪೂರ್ತಿ ಕಣ್ಣು, ತುಟಿಯ ಮೇಲೇ ನಿಂತಿತ್ತು. ಅದಕ್ಕೆ ಮುಂದಿನಿಂದ ತೆಳ್ಳಗೆ ಬೆಳಕು ಕೊಟ್ಟೆ. ಉಳಿದವಕ್ಕೆ ಕೊಡಲಿಲ್ಲ.

ಐದು ತಂಡಕ್ಕೆ ಐದು ಥರ ಲೈಟ್ ಕಟ್ಟುವುದು ಒಂದು ದಿನದಲ್ಲಿ ಆಗದ ಮಾತು. ಪಕ್ಕದ ಲೈಟುಗಳು, ಮೇಲಿನಿಂದ ಒಂದು ತಂಪು ಬಣ್ಣ, ಒಂದು ಬೆಚ್ಚನೆ ಬಣ್ಣ, ಹಿಂದಿನ ಪರದೆಗೆ ಬೆಳಕು, ಇಷ್ಟು ಎಲ್ಲರಿಗೂ ಸೇರಿದ್ದು, ಇದನ್ನು ಯಾರೂ ಅಲುಗಾಡಿಸುವ ಹಾಗಿಲ್ಲ ಅಂತ ತಿಂಗಳ ಮೊದಲೇ ನಕ್ಷೆ ಕಳಿಸಿದೆ. ಅದರ ಮೇಲೆ ಪ್ರತಿಯೊಬ್ಬರಿಗೂ ಎರಡು ಲೈಟು ಅವರದೇ, ಎಲ್ಲಿ ಬೇಕೋ ಅಲ್ಲಿ. ಹಿರಿಯರಿಗೂ ಎರಡೇ, ಕೋಲಾರದ ಹುಡುಗಿಗೂ ಎರಡೇ. ರಂಗದ ಮೇಲಿನ ರಿಹರ್ಸಲ್ ಸಮಯವೂ ಎಲ್ಲರಿಗೂ ಒಂದೇ, ಗಡಿಯಾರ ನೋಡಿ ಎಬ್ಬಿಸುವ ಕೆಲಸ ನನ್ನದು. ಇದನ್ನು ಬಿಗಿಯಾಗಿ ಹಿಡಿಯಲೇಬೇಕು. ಮೊದಲು ಬಂದ ತಂಡ ಅರ್ಧ ಗಂಟೆ ಜಾಸ್ತಿ ತಗೊಂಡರೆ ಕಡೆಯ ತಂಡ ರಂಗವನ್ನೇ ನೋಡದೆ ಕುಣಿಯಬೇಕಾಗುತ್ತದೆ. ಆ ಕಡೆಯ ತಂಡ ಯಾವಾಗಲೂ ಹೊಸಬರದೇ ಆಗಿರುತ್ತದೆ ಅಲ್ವಾ?

ಇನ್ನೊಂದು ವಿಷಯ, ಲೈಟ್ ಬದಲಿಸುವ ಗಳಿಗೆ. ನಾಟಕದಲ್ಲಿ ಮಾತಿನ ಮೇಲೆ, ಹಾಡಿನ ಮೇಲೆ ಬದಲಿಸುತ್ತೇವೆ. ಇಲ್ಲಿ ಸಂಗೀತವನ್ನು ನಂಬಿದರೆ ಆಗುವುದಿಲ್ಲ. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಂ, ಸಂಗೀತ ಸಂಯೋಜಕ ಜಾನ್ ಕೇಜ್ ಇಬ್ಬರೂ ನೃತ್ಯ ಬೇರೆ, ಸಂಗೀತ ಬೇರೆ ತಯಾರಿಸಿ ರಂಗದ ಮೇಲೆ ಒಟ್ಟಿಗೆ ಬಿಡುತ್ತಿದ್ದರು. ಅದರ ಗಾಳಿ ಇವತ್ತಿನ ಎಷ್ಟೋ ಕೃತಿಗಳಲ್ಲಿ ಇದೆ. ಆದ್ದರಿಂದ ನಾನು ಮೈ ನೋಡಿ ಬಟನ್ ಒತ್ತುತ್ತೇನೆ. ಯಾವ ಹೆಜ್ಜೆಗೆ, ಯಾವ ಉಸಿರಿಗೆ ಅಂತ ಸಂಯೋಜಕರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬರೆದುಕೊಳ್ಳುತ್ತೇನೆ.

"ಇದು ಭರತನಾಟ್ಯನಾ, ಏನಿದು?" ಅಂತ ಊರಿನವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಚೆನ್ನೈನ ನೃತ್ಯ ಸಂಯೋಜಕಿ ಚಂದ್ರಲೇಖಾ 1985ರಲ್ಲಿ 'ಅಂಗಿಕ' ಅನ್ನುವ ಕೃತಿ ಮಾಡಿದಾಗ ಭರತನಾಟ್ಯ, ಕೇರಳದ ಸಮರಕಲೆ ಕಳರಿ, ಯೋಗ ಮೂರನ್ನೂ ಒಂದೇ ಮೈಯಲ್ಲಿ ತಂದರು. ಬೆಂಗಳೂರಿನಲ್ಲಿ ಅಟ್ಟಕ್ಕಳರಿ ಅನ್ನುವ ಸಮಕಾಲೀನ ನೃತ್ಯ ಸಂಸ್ಥೆ 2000ರಲ್ಲಿ ಎರಡು ವರ್ಷಕ್ಕೊಮ್ಮೆಯ ನೃತ್ಯೋತ್ಸವ ಶುರು ಮಾಡಿತು. ತುಮಕೂರಿನಿಂದ 70 ಕಿಲೋಮೀಟರ್ ದೂರದಲ್ಲಿ ಇಷ್ಟೆಲ್ಲ ನಡೆಯುತ್ತಿದೆ, ನಮ್ಮ ಜನಕ್ಕೆ ತೋರಿಸಿದವರು ಕಡಿಮೆ. ತೋರಿಸಿದರೆ ಕೂತು ನೋಡುತ್ತಾರೆ. ರಾಗಿ ತೂರಿದಾಗ ಹಿಂದಿನ ಸಾಲಿನ ಹೆಂಗಸರು ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ಅವಳ ಕೈ ನೋಡಿಯೇ ಹೇಳುತ್ತಿದ್ದರು.

ಆ ಸಂಜೆ ನನಗೆ ಹೆಚ್ಚು ಹೆಮ್ಮೆ ತಂದವರು ನಮ್ಮ ಪರದೆ ಎಳೆಯುವ ಹುಡುಗರು. ರಾತ್ರಿಯಿಡೀ ನಾಟಕದಲ್ಲಿ ಅರಮನೆ ಇಳಿಸಿ ಕಾಡು ಏರಿಸಿ ಪಳಗಿದವರು. ಒಂದು ಕೃತಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಕತ್ತಲಲ್ಲೇ ನೆಲ ಒರೆಸಿ, ಸ್ಟ್ಯಾಂಡಿನ ಬುಡದ ಬಿಳಿ ಟೇಪ್ ನೋಡಿಕೊಂಡು ವೈರಿಗೆ ಕಾಲು ತಾಗಿಸದೆ ಹೊರಗೆ ಬರುತ್ತಿದ್ದರು. ಇಂಥ ಉತ್ಸವಕ್ಕೆ ಬೆಂಗಳೂರಿನಿಂದ ಜನ ಕರೆಸಬೇಕಿಲ್ಲ. ನಾಟಕದ ಹುಡುಗರಿಗೆ ಒಂದು ದಿನ ಮೊದಲು ಹೇಳಿಕೊಟ್ಟು, ಬೆಂಗಳೂರಿನವರಿಗೆ ಕೊಡುವ ಕೂಲಿಯನ್ನೇ ಕೊಡಿ.

ಈಗ ಯಾರೇ ಕರೆದರೂ ಪಟ್ಟಿ ಮಾಡುವ ಮೊದಲು ಪ್ರತಿ ತಂಡಕ್ಕೂ ಒಂದು ಹಾಳೆ ಕಳಿಸುತ್ತೇನೆ. ನೆಲಕ್ಕೆ ಏನಾದರೂ ಬೀಳುತ್ತಾ, ನೀರು, ಹೂವು, ಧಾನ್ಯ? ಬರಿಗಾಲಾ, ಸಾಕ್ಸಾ? ಯಾವ ವಿಂಗಿನಿಂದ ಓಡಿ ಬರ್ತೀರಿ? ಮುಖ ಕಾಣಲೇಬೇಕಾ? ಉತ್ತರ ಬಂದ ಮೇಲೆ ನಾನೇ ಕ್ರಮ ಬರೆದು ಸಂಘಟಕರಿಗೆ ಕೊಡುತ್ತೇನೆ, ಪಕ್ಕದಲ್ಲಿ ಕಾರಣವನ್ನೂ ಬರೆಯುತ್ತೇನೆ. ಆ ಹಾಳೆ ಬೇಕಾದವರು ಕೇಳಿ, ಕಳಿಸುತ್ತೇನೆ.