ಎರೆ ಬಿಟ್ಟು ಮಸಾರಿ ಹಿಡಿಯುವ ದಿನ

ಕುರಿ ಹೊಡೆದುಕೊಂಡು ಊರೂರು ಸುತ್ತುವ ಕುರಿಗಾರರ ಬಿಡಾರವೇ ಕುರಿಹಟ್ಟಿ. ಅದರ ದಾರಿ ಎಲ್ಲೂ ಬರೆದಿರುವುದಿಲ್ಲ. ಹಾಗಂತ ಲೆಕ್ಕವಿಲ್ಲದ ಅಲೆದಾಟ ಅಂದುಕೊಂಡರೆ ತಪ್ಪು. ಮುಂದಿನ ಎರಡು ವಾರ ಯಾವ ಊರಲ್ಲಿ, ಯಾರ ಹೊಲದಲ್ಲಿ, ಎಷ್ಟು ರಾತ್ರಿ ಕುರಿ ತರುಬಬೇಕು, ಅಂದರೆ ನಿಲ್ಲಿಸಬೇಕು ಅನ್ನುವುದು ಮೊದಲೇ ಮಾತಾಗಿರುತ್ತದೆ. ಕೆಲವು ರೈತರು ಸಂಚಕಾರವನ್ನೂ, ಅಂದರೆ ಮುಂಗಡವನ್ನೂ ಕೊಟ್ಟಿರುತ್ತಾರೆ. ರಾತ್ರಿ ಬೀಳುವ ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ಹಟ್ಟಿಗೆ ಜೋಳವೋ ರೊಕ್ಕವೋ. ಕೊಟ್ಟ ಮಾತು ಬದಿಗಿಟ್ಟು ದಾರಿ ತಿರುಗಿಸಿದರೆ ಮುಂದಿನ ವರ್ಷ ಆ ಹೊಲ ಕೈತಪ್ಪಬಹುದು. ಆದರೂ ಸ್ವಾತಿ ಮಳೆ ರಾತ್ರಿಯಿಡೀ ಹೊಡೆದ ಮರುದಿನ ದಾರಿ ಬದಲಿಸಬೇಕೋ ಬೇಡವೋ ತೀರ್ಮಾನ ಮಾಡಲೇಬೇಕು, ಅದೂ ಬಿಸಿಲೇರುವುದರೊಳಗೆ.

ಬೆಳಗಾವಿ ಜಿಲ್ಲೆಯ ಹಟ್ಟಿಯೊಂದು ಸವದತ್ತಿ ಬಳಿ ತಂಗಿದೆ, ನರಗುಂದ ಕಡೆಗೆ ಹೊರಟಿದೆ ಎನ್ನಿ. ಅಕ್ಟೋಬರ್ ಕೊನೆ. ಗೋವಿನಜೋಳ ಮುರಿದ ಹೊಲಗಳು ಅಲ್ಲಿ ಕಾದಿವೆ. ಆದರೆ ಅದು ಅಪ್ಪಟ ಎರೆ ಭೂಮಿ. ಒಣಗಿದಾಗ ಬಿರುಕು ಬಿಡುವ ಆ ಕಪ್ಪು ಮಣ್ಣು ನೆನೆದರೆ ಅಂಟಾಗಿ ಕಾಲು ಹಿಡಿಯುತ್ತದೆ. ಬೆಳಿಗ್ಗೆ ಹಟ್ಟಿಯ ಹಿರಿಯ ಮೊದಲು ನೋಡುವುದು ಮುಗಿಲನ್ನಲ್ಲ, ಗೊರಸನ್ನು. ಹಿಂಡಿನ ಬೇರೆಬೇರೆ ಕಡೆಯ ಹತ್ತಾರು ಕುರಿಗಳನ್ನು ಕೆಡವಿ ಗೊರಸಿನ ಸಂದು ಬಿಡಿಸುತ್ತಾನೆ. ಸಂದಿಯ ಚರ್ಮ ಬೆಳ್ಳಗೆ ನೆನೆದಿದ್ದರೆ ಒಂದೆರಡು ದಿನದ ಅವಕಾಶ ಇದೆ. ಕೆಂಪೇರಿ, ಮೂಗಿಗೆ ವಾಸನೆ ಹೊಡೆದರೆ ಗೊರಸು ಕೊಳೆಯಲು ಶುರುವಾಗಿದೆ ಅಂತಲೇ ಅರ್ಥ. ಕುಂಟುವ ಕುರಿ ಹಿಂಡಿನ ಹಿಂದೆ ಬೀಳುತ್ತದೆ, ಹೊಟ್ಟೆ ತುಂಬ ಮೇಯುವುದಿಲ್ಲ. ಈದಿದ್ದರೆ ಮರಿಗೆ ಹಾಲೂ ಇರುವುದಿಲ್ಲ.

ಔಷಧಿ ಇದೆ. ಹತ್ತು ಲೀಟರ್ ನೀರಿಗೆ ಒಂದು ಕಿಲೋ ಸತುವಿನ ಸಲ್ಫೇಟ್, ಇಲ್ಲವೇ ಅರ್ಧ ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿ ಅಗಲವಾದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕಾಲು ಅದ್ದಿಸಬೇಕು. ಗೊರಸಿಗೆ ಮೆತ್ತಿದ ಮಣ್ಣು ಮೊದಲು ತೊಳೆಯದಿದ್ದರೆ ಔಷಧಿ ಒಳಗೆ ಇಳಿಯುವುದೇ ಇಲ್ಲ. ಮೈಲುತುತ್ತದ ನೀರಿಗೆ ಕುರಿ ಬಾಯಿ ಹಾಕದಂತೆ ಕಾಯಬೇಕು, ತಾಮ್ರ ಕುರಿಗೆ ಬೇಗ ವಿಷವಾಗುತ್ತದೆ. ಅದ್ದಿದ ಮೇಲೆ ಒಂದು ತಾಸಾದರೂ ಒಣ ಗಟ್ಟಿ ನೆಲದ ಮೇಲೆ ನಿಲ್ಲಬೇಕು. ಅಂಥ ನೆಲ ಎರೆ ಸೀಮೆಯಲ್ಲಿ ಮಳೆಯಾದ ವಾರದಲ್ಲಿ ಎಲ್ಲಿ ಸಿಗಬೇಕು? ಹಾಗಾಗಿ ನಿಜವಾದ ಮದ್ದು ಜಾಗ ಬಿಡುವುದೇ.

ಹೊಲದವನಿಗೂ ಹಸಿ ಎರೆಯಲ್ಲಿ ಕುರಿ ಬೇಡವಾಗಿರುತ್ತದೆ. ನೂರಾರು ಕುರಿ ರಾತ್ರಿಯಿಡೀ ತುಳಿದರೆ ನೆಲ ಗಟ್ಟಿಯಾಗಿ ಕಡಲೆ ಬಿತ್ತನೆಗೆ ಹೆಂಟೆ ಏಳುತ್ತದೆ. ಫೋನ್ ಮಾಡಿದರೆ ಆತನೇ ಹೇಳುತ್ತಾನೆ: “ಹಸಿ ಹೊಲದಾಗ ಬ್ಯಾಡೋ ತಮ್ಮಾ, ಒಂದ್ ವಾರ ಬಿಟ್ಟ ಬಾ.” ಈ ಕಡೆಯಿಂದ “ಹೂಂ ಗೌಡ್ರ, ಆರಿದ ಮ್ಯಾಲ ಬರ್ತೀವಿ” ಅಂದರೆ ಮಾತು ಮುರಿದಂತಲ್ಲ, ಮುಂದೆ ಹಾಕಿದಂತೆ. ಮೊದಲು ಫೋನ್ ಮಾಡಿದವನ ಮರ್ಯಾದೆ ಉಳಿಯುತ್ತದೆ. ಬಾರದೆ ಸುಮ್ಮನಾದವನ ಹೆಸರು ಮಾತ್ರ ಊರಲ್ಲಿ ಕೆಡುತ್ತದೆ.

ಎರೆ ಬಿಟ್ಟರೆ ಕೆಂಪು ಮಣ್ಣಿನ ಮಸಾರಿ ಅಥವಾ ಕಲ್ಲುದಿಬ್ಬದ ಮರಡಿ. ನರಗುಂದದ ಬದಲು ರಾಮದುರ್ಗ, ಬಾದಾಮಿ ಕಡೆಯ ಗುಡ್ಡದ ಸೆರಗು. ಕಲ್ಲುಮಿಶ್ರಿತ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಮೇವು ಮಾತ್ರ ತೆಳು. ಮೊದಲು ಒಬ್ಬ ಬೈಕ್ ಹತ್ತಿ ಹೋಗಿ ನೋಡಿ ಬರಬೇಕು. ಹುಲ್ಲು, ನೀರು ಯಾರಿಗಾದರೂ ಕಾಣುತ್ತದೆ. ಆದರೆ ಊರವರನ್ನು ಕೇಳಲೇಬೇಕಾದ ಮಾತುಗಳು ಬೇರೆ: ಈ ತಿಂಗಳು ಇನ್ನೊಂದು ಹಟ್ಟಿ ಇಲ್ಲಿಂದ ಹಾದು ಹೋಯಿತೇ, ಕುರಿ ಸತ್ತವೇ, ಸಿಡುಬು ಕಂಡಿತೇ, ಪಕ್ಕದ ಹತ್ತಿ ಹೊಲಕ್ಕೆ ಔಷಧಿ ಹೊಡೆದು ಎಷ್ಟು ದಿನವಾಯಿತು, ತೋಳದ ಕಾಟ ಇದೆಯೇ. ಉತ್ತರ ಸರಿಬರದಿದ್ದರೆ ಹುಲ್ಲು ಎಷ್ಟೇ ಹಸಿರಾಗಿರಲಿ, ಬೈಕ್ ಮುಂದಿನ ಊರಿಗೆ ಹೋಗಬೇಕು.

ಹಸಿರು ಅಂದೆವಲ್ಲ, ದಾರಿ ಬದಲಿಸಿದ ದಿನ ಹೆಚ್ಚು ಕುರಿ ಸಾಯುವುದು ಆ ಹಸಿರಿನಿಂದಲೇ. ಮುಂಗಾರಿ ಜೋಳ ಕೊಯ್ದ ಹೊಲದಲ್ಲಿ ಈ ಮಳೆಗೆ ಕೂಳೆ, ಅಂದರೆ ಕೊಯ್ದು ಉಳಿದ ಬುಡ, ಚಿಗುರುತ್ತದೆ. ಮೊಣಕಾಲಿಗಿಂತ ಗಿಡ್ಡ ಇರುವ ಆ ಎಳೆ ಚಿಗುರಿನಲ್ಲಿ ಸೈನೈಡ್ ಆಗಿ ಒಡೆಯುವ ಅಂಶ ಜಾಸ್ತಿ. ಹಸಿದ ಹಿಂಡು ಪರಿಚಯವಿಲ್ಲದ ದಾರಿಯಲ್ಲಿ ನಡೆದು ಬಂದು ಒಮ್ಮೆಲೇ ನುಗ್ಗಿದರೆ ಮೊದಲ ಕುರಿ ಬೀಳಲು ಕಾಲು ತಾಸೂ ಬೇಕಿಲ್ಲ: ಏದುಸಿರು, ಜೊಲ್ಲು, ತತ್ತರಿಸಿ ಬೀಳುವುದು, ಕಣ್ಣಿನ ಒಳಪೊರೆ ಕಡುಗೆಂಪು. ಹಾವು ಕಡಿಯಿತು, ಯಾರೋ ಮದ್ದಿಟ್ಟರು ಅಂತ ಜಗಳವಾಗುವುದು ಇಂಥಲ್ಲಿಯೇ. ಕೂಡಲೇ ಉಳಿದವನ್ನು ಹೊರಗೆ ಹೊಡೆದು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬೇಕು. ಪಶುವೈದ್ಯರು ಸೋಡಿಯಂ ಥಯೋಸಲ್ಫೇಟ್ ಅನ್ನು ನರಕ್ಕೆ ಕೊಟ್ಟರೆ ಉಳಿಯುವ ಸಾಧ್ಯತೆ ಇದೆ, ಅವರು ಬರುವಷ್ಟು ಹೊತ್ತು ಕುರಿ ತಡೆದರೆ. ಹೀಗಾಗದಂತೆ ನೋಡಿಕೊಳ್ಳುವ ಉಪಾಯ ಬೆಳಿಗ್ಗೆಯದು. ಬಿಡಾರ ಕೀಳುವ ಮುಂಚೆ ಒಂದೆರಡು ತಾಸು ಗೊತ್ತಿದ್ದ ಬದುವಿನಲ್ಲೇ ಮೇಯಿಸಿ ಹೊಟ್ಟೆ ತುಂಬಿಸಿಕೊಂಡು ಹೊರಡಬೇಕು. ಗೋವಿನಜೋಳ ರಾಶಿ ಮಾಡಿದ ಕಣವೂ ಹಾಗೆಯೇ. ಚೆಲ್ಲಿದ ಕಾಳು ಮುಕ್ಕಿದರೆ ಹೊಟ್ಟೆ ಹುಳಿಯಾಗಿ ಮರುದಿನ ಕುರಿ ಏಳುವುದಿಲ್ಲ. ಆಗ ಅಡುಗೆ ಸೋಡಾ, ದೊಡ್ಡ ಕುರಿಗೆ ಇಪ್ಪತ್ತೈದು ಮೂವತ್ತು ಗ್ರಾಂ, ನೀರಲ್ಲಿ ಕದಡಿ ನಿಧಾನವಾಗಿ ಕುಡಿಸಬೇಕು. ಅವಸರದಲ್ಲಿ ಸುರಿದರೆ ಪುಪ್ಪುಸಕ್ಕೆ ಹೋಗುತ್ತದೆ.

ಬಿಡಾರ ಎತ್ತುವುದು ಹೆಂಗಸರ ಕೈಯಲ್ಲಿ ತಾಸಿನ ಕೆಲಸ. ಮಳೆಯಾದ ದಿನ ಅದು ಎರಡು ತಾಸು, ಏಕೆಂದರೆ ಹಿಂಡಿನ ಸುತ್ತ ಕಟ್ಟುವ ಬಲೆ, ಕಂಬಳಿ ಎಲ್ಲ ನೀರು ಕುಡಿದು ಭಾರವಾಗಿರುತ್ತವೆ. ಆ ದಿನ ಕುದುರೆಗೆ ಎಂದಿನ ಹೇರು ಹೇರಿದರೆ ಬೆನ್ನು ಸುಲಿಯುತ್ತದೆ. ಎಳೆಮರಿಗಳು, ಇವತ್ತೋ ನಾಳೆಯೋ ಈಯುವ ಕುರಿಗಳು ಇದ್ದರೆ ಎಂಟ್ಹತ್ತು ಕಿಲೋಮೀಟರಿಗಿಂತ ಹೆಚ್ಚು ನಡೆಸಬಾರದು. ಇಲ್ಲವೇ ಅವನ್ನಷ್ಟೇ ಟೆಂಪೊದಲ್ಲಿ ಮುಂದೆ ಕಳಿಸಬೇಕು, ಮರಿಯ ಜೊತೆಗೆ ತಾಯಿಯನ್ನೂ. ಬಾಡಿಗೆ ಉಳಿಸಲು ಮರಿಗಳನ್ನು ಮಾತ್ರ ಕಳಿಸುವವರಿದ್ದಾರೆ. ಸಂಜೆ ಕೆಚ್ಚಲು ಬಿಗಿದ ತಾಯಿ, ಬಾಯಿ ಒಣಗಿದ ಮರಿ, ಇಡೀ ಹಿಂಡಿನ ಅರಚಾಟ. ಮಧ್ಯಾಹ್ನದ ಮೇಲೆ ಮತ್ತೆ ಗುಡುಗಿದರೆ ಒಂಟಿ ಮರದ ಕೆಳಗೆ ಹಿಂಡು ಗುಂಪಾಗಲು ಬಿಡಬಾರದು. ಒಂದೇ ಸಿಡಿಲಿಗೆ ಹಿಂಡಿನ ಅರ್ಧ ಹೋಗುವುದು ಅಲ್ಲೇ.

ಹೊತ್ತು ಮುಳುಗುವ ಮುನ್ನ ಮುಟ್ಟಿದರೆ ಮಾತ್ರ ದಾರಿ ಬದಲಿಸಿದ್ದು ಸಾರ್ಥಕ. ಇಳಿಜಾರಿನ ಮೇಲ್ಭಾಗದಲ್ಲಿ, ಕೆರೆ ಹಳ್ಳದಿಂದ ದೂರ ಬಲೆ ಕಟ್ಟಬೇಕು. ಮಳೆ ನಿಂತ ಮೇಲೆ ಹುಟ್ಟುವ ಸಣ್ಣ ನುಸಿಗಳೇ ನೀಲಿ ನಾಲಿಗೆ ರೋಗ ಹರಡುವುದು, ಅವುಗಳ ಹಾರಾಟ ಮುಸ್ಸಂಜೆಗೆ ಜೋರು. ಬೇವಿನ ಸೊಪ್ಪಿನ ಹೊಗೆಯಿಂದ ಕಡಿತ ಕಡಿಮೆಯಾದೀತು, ರೋಗ ತಡೆಯುವುದು ಲಸಿಕೆ. ಅದನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸಿರಬೇಕು. ತುಟಿ ಬಾತು ಜೊಲ್ಲು ಸುರಿಸುವ ಕುರಿಯನ್ನು ಅವತ್ತೇ ಬೇರೆ ಕಟ್ಟಬೇಕು. ಹೊಸದಾಗಿ ಉಣ್ಣೆ ಕತ್ತರಿಸಿದ ಕುರಿಗಳು ನಡುವೆ, ಗಾಳಿ ಬರುವ ಕಡೆ ದೊಡ್ಡ ಟಗರುಗಳು. ಸತ್ತರೆ ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಬೇಕು, ಸತ್ತ ಕುರಿಗೆ ಸರ್ಕಾರ ಕೊಡುವ ಅನುಗ್ರಹ ಯೋಜನೆಯ ಪರಿಹಾರಕ್ಕೆ ಆ ಕಾಗದ ಬೇಕು.

ಸಂಚಕಾರ ಕೊಟ್ಟವನ ಲೆಕ್ಕ ಅದೇ ರಾತ್ರಿ ಮುಗಿಯಬೇಕು. ಎರೆ ಆರಿದ ಮೇಲೆ ಹೋಗುವುದಾದರೆ ರೊಕ್ಕ ಹಟ್ಟಿಯಲ್ಲೇ ಇರುತ್ತದೆ. ಆದರೆ ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ. ಅಷ್ಟರಲ್ಲಿ ಆತ ಕಡಲೆ ಬಿತ್ತಿದನೆಂದರೆ ಆ ಹೊಲ ಸುಗ್ಗಿ ಮುಗಿಯುವವರೆಗೆ ಬಂದ್. ಆಗ ಮುಂಗಡ ವಾಪಸ್ ಕೊಡಬೇಕು, ಇಲ್ಲವೇ ಆತನ ಒಪ್ಪಿಗೆ ಪಡೆದು ಕಡಲೆ ಕಿತ್ತ ಮೇಲಿನ ರಾತ್ರಿಗಳಿಗೆ ಜಮಾ ಮಾಡಿಕೊಳ್ಳಬೇಕು. ಹೆಚ್ಚಿನವರು ಎರಡನೆಯದಕ್ಕೇ ಒಪ್ಪುತ್ತಾರೆ, ಬೇಸಿಗೆಯಲ್ಲಿ ಕುರಿ ಸಿಗುವುದು ಕಷ್ಟವೆಂದು ಅವರಿಗೂ ಗೊತ್ತು.